ಎಳ್ಳಮಾವಾಸ್ಯೆಗೆ ಅತ್ತಿ ಮನೆಗೆ ಹೊರಟಿದ್ದೇವೆ: ನಾಲ್ಕು ಬೆಕ್ಕಿಗೆ, ಅತ್ತಿಗೆ ಏನು ಒಯ್ಯಲಿ?

ಜೇವರ್ಗಿ ರಸ್ತೆಯವಳು · ಭಾನುವಾರ, ಬೆಳಿಗ್ಗೆ 9:20

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವಳು. ಎಳ್ಳಮಾವಾಸ್ಯೆಗೆ ಬೀದರಿನ ಸೋದರತ್ತೆ ಮನೆಗೆ ಹೊರಟಿದ್ದೇವೆ. ಮಕ್ಕಳ ಕ್ರಿಸ್‌ಮಸ್ ರಜೆಯೂ ಸೇರಿ ಬಂದಿದೆ. ಹೀಗಾಗಿ ಐದಾರು ದಿನ ಅಲ್ಲೇ ಇರುತ್ತೇವೆ.

ಅತ್ತಿ ರಿಟೈರ್ಡ್ ಟೀಚರ್. ಮಾಮ ತೀರಿಕೊಂಡು ಆರು ವರ್ಷವಾಯಿತು. ಈಗ ಮನೆಯಲ್ಲಿ ಅವರು ಮತ್ತು ನಾಲ್ಕು ಬೆಕ್ಕು. ದೊಡ್ಡವ್ವ ಅಂತ ಒಂದು ಮುದಿ ಬೆಕ್ಕು, 13 ವರ್ಷದ್ದು. ಕರಿಯ, ಬೆಲ್ಲ ಅಂತ ಎರಡು ಗಂಡು. ಮಳೆಗಾಲದಲ್ಲಿ ಗಟಾರದ ಹತ್ತಿರ ಸಿಕ್ಕಿದ್ದು ಪುಟಾಣಿ. ಅದೀಗ ಐದು ತಿಂಗಳ ಹೆಣ್ಣು.

ನಾವು ಪ್ರತಿ ಹಬ್ಬಕ್ಕೂ ಸೀರೆ ಒಯ್ಯುತ್ತೇವೆ. ಅತ್ತಿ ಅದನ್ನು ಕಣ್ಣಿಗೊತ್ತಿಕೊಂಡು ಟ್ರಂಕಿನಲ್ಲಿ ಇಡುತ್ತಾರೆ. ಉಟ್ಟಿದ್ದು ನಾನು ನೋಡಿಲ್ಲ. ಈ ಸಲ ನನ್ನ ಮಗಳು, "ಅಜ್ಜಿಗೆ ಬೆಕ್ಕು ಅಂದ್ರೆ ಜೀವ, ಬೆಕ್ಕಿಗೇ ಏನಾದ್ರೂ ಒಯ್ಯೋಣ" ಅಂದಳು. ನನಗೂ ಹೌದಲ್ವಾ ಅನಿಸಿತು.

ಮೂರು ತೊಡಕು ಇವೆ. ಹೋಗುವುದು ರೈಲಿಗೆ, ದೊಡ್ಡ ಸಾಮಾನು ಆಗಲ್ಲ. ಅತ್ತಿ ಮನೆಯಲ್ಲಿ ಮಾಂಸ, ಮೊಟ್ಟೆ ಬರುವುದಿಲ್ಲ. ಬೆಕ್ಕುಗಳಿಗೂ ಹಾಲು ರೊಟ್ಟಿ, ಹಾಲು ಅನ್ನವೇ. ಮತ್ತೆ ನನ್ನ ಕೈಯಲ್ಲಿರುವುದು 1500 ರೂಪಾಯಿ. ಬೆಕ್ಕು ಸಾಕಿದವರು ದಯವಿಟ್ಟು ಹೇಳಿ.

ಎರಡು ಬೆಕ್ಕಿನ ಮನೆ · ಭಾನುವಾರ, ಬೆಳಿಗ್ಗೆ 10:05

ಅಕ್ಕಾ, ಮೊದಲು ಒಂದು ಮಾತು. ಸೂಪರ್ ಮಾರ್ಕೆಟ್ ಕಡೆ ಹೋಗಿ ಕಣ್ಣಿಗೆ ಚಂದ ಕಂಡದ್ದನ್ನೆಲ್ಲ ತರಬೇಡಿ. ನಾನು ಮೊದಲ ವರ್ಷ ಹಾಗೇ ಮಾಡಿದೆ. ಗೆಜ್ಜೆ ಕಟ್ಟಿದ ಕೊರಳಪಟ್ಟಿ, ಒಂದು ಫ್ರಾಕು, ಒಂದು ಟೊಪ್ಪಿಗೆ ತಂದೆ. ಫ್ರಾಕು ಹಾಕಿದ ಕೂಡಲೇ ನಮ್ಮ ಬೆಕ್ಕು ನೆಲಕ್ಕೆ ಒರಗಿ ಕಲ್ಲಿನ ಹಾಗೆ ಬಿದ್ದುಕೊಂಡಿತು. ನಾವು ಫೋಟೋ ತೆಗೆದೆವು. ಅದು ಹೆದರಿ ಹಾಗೆ ಮಾಡಿತ್ತು ಅಂತ ತಿಳಿದಾಗ ನನಗೆ ಬಹಳ ಕೆಟ್ಟದೆನಿಸಿತು. ಬೆಕ್ಕಿನ ಕಿವಿ ನಮ್ಮ ಕಿವಿಗಿಂತ ಎಷ್ಟೋ ಚುರುಕು. ಮನುಷ್ಯರಿಗೆ 20,000 ಹರ್ಟ್ಸ್‌ವರೆಗೆ ಕೇಳಿದರೆ ಅದಕ್ಕೆ 60,000 ದಾಟಿಯೂ ಕೇಳುತ್ತದೆ. ಕುತ್ತಿಗೆಯಲ್ಲೇ ಗೆಜ್ಜೆ ಕಟ್ಟಿದರೆ ಹೇಗಿರಬೇಡ?

ಪಟ್ಟಿ ಕೊಡಲೇಬೇಕು ಅಂದರೆ ಜಗ್ಗಿದರೆ ತಾನಾಗಿ ಬಿಚ್ಚಿಕೊಳ್ಳುವ ಕ್ಲಿಪ್ ಇರುವುದನ್ನೇ ತನ್ನಿ. ಇಲ್ಲವಾದರೆ ಬೇಲಿಗೋ ಕಿಟಕಿ ಸರಳಿಗೋ ಸಿಕ್ಕಿ ಉರುಲಾಗುತ್ತದೆ.

ಪುಟಾಣಿಗೆ ಕೋಲಿನ ತುದಿಗೆ ಗರಿ ಕಟ್ಟಿದ ಆಟಿಕೆ ಸಾಕು. ಆಡಿಸಿದ ಮೇಲೆ ಕಪಾಟಿನಲ್ಲಿ ಇಡಿ, ದಾರ ನುಂಗಿಬಿಡುತ್ತದೆ. ದೊಡ್ಡವ್ವನಿಗೆ ಆಟಿಕೆ ಬೇಡ. 13 ವರ್ಷದ ಬೆಕ್ಕಿಗೆ ಬೇಕಾದ್ದೇ ಬೇರೆ.

ನಂದಿನಗರದ ವಿದ್ಯಾರ್ಥಿ · ಭಾನುವಾರ, ಮಧ್ಯಾಹ್ನ 1:40

ನಾನು ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದೇನೆ. ಇನ್ನೂ ಡಾಕ್ಟರ್ ಆಗಿಲ್ಲ, ಆದರೆ ಒಂದು ವಿಷಯ ಹೇಳದೆ ಇರಲು ಆಗುತ್ತಿಲ್ಲ. ಹಾಲು ರೊಟ್ಟಿ.

ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಅನ್ನುವ ಒಂದು ವಸ್ತು ಅದರ ಮೈಗೆ ಬೇಕೇ ಬೇಕು. ನಾಯಿಯ ಮೈ ಅದನ್ನು ತಾನೇ ಮಾಡಿಕೊಳ್ಳುತ್ತದೆ. ಬೆಕ್ಕಿನ ಮೈಗೆ ಸಾಕಷ್ಟು ಮಾಡಿಕೊಳ್ಳಲು ಆಗುವುದಿಲ್ಲ. ಮಾಂಸ, ಮೀನಿನಲ್ಲಿ ಅದು ಇರುತ್ತದೆ. ರೊಟ್ಟಿ, ಅನ್ನದಲ್ಲಿ ಇರುವುದಿಲ್ಲ. ಬಹಳ ದಿನ ಸಿಗದಿದ್ದರೆ ಕಣ್ಣು ಹೋಗಬಹುದು, ಹೃದಯ ಹಿಗ್ಗಿ ಬಲ ಕಳೆದುಕೊಳ್ಳಬಹುದು. ಹೃದಯಕ್ಕೂ ಟಾರಿನ್‌ಗೂ ಇರುವ ಈ ನಂಟನ್ನು ಅಮೆರಿಕದ ಸಂಶೋಧಕರು 1987ರಲ್ಲಿ ತೋರಿಸಿದರು. ಆಮೇಲೆ ಬೆಕ್ಕಿನ ಪ್ಯಾಕೆಟ್ ಆಹಾರದಲ್ಲಿ ಅದನ್ನು ಹೆಚ್ಚಿಸಿದರು.

ಹಾಗಾದರೆ ನಮ್ಮ ಹಳ್ಳಿ ಬೆಕ್ಕುಗಳು ಹಾಲು ರೊಟ್ಟಿ ತಿಂದು ಹೇಗೆ ಬದುಕಿದವು? ಇಲಿ, ಹಲ್ಲಿ, ಗುಬ್ಬಿ ಹಿಡಿದು ತಿನ್ನುತ್ತಿದ್ದವು. ರೊಟ್ಟಿ ಮೇಲಿನ ತಿಂಡಿ ಅಷ್ಟೇ. ಮನೆಯೊಳಗೇ ಇರುವ ಬೆಕ್ಕಿಗೆ ಆ ಬೇಟೆ ಇಲ್ಲ.

ಅದಕ್ಕೆ ನಿಮ್ಮ 1500ರಲ್ಲಿ ಒಂದು ಪಾಲು ಬೆಕ್ಕಿನದೇ ಒಣ ಆಹಾರಕ್ಕೆ ಇಡಿ. ನಾಯಿಯದು ಬೇಡ. ಅದು ಅಗ್ಗ ಸಿಗುತ್ತದೆ, ಆದರೆ ಬೆಕ್ಕಿಗೆ ಸಾಲುವುದಿಲ್ಲ.

ಶಹಾಪುರದ ಮಾಸ್ತರ · ಭಾನುವಾರ, ಸಂಜೆ 6:15

ತಮ್ಮಾ, ನಮ್ಮ ಮನೆಯಲ್ಲಿ ಅರವತ್ತು ವರ್ಷದಿಂದ ಬೆಕ್ಕು ಇವೆ. ಎಲ್ಲವೂ ಹಾಲು ಕುಡಿದೇ ಬೆಳೆದವು. ಎಮ್ಮೆ ಹಿಂಡುವ ಹೊತ್ತಿಗೆ ಸರಿಯಾಗಿ ಬಂದು ಕೂಡುತ್ತಿದ್ದವು. ಈಗ ಹಾಲು ವಿಷ ಅಂದರೆ ನನಗೆ ಒಪ್ಪಿಗೆ ಆಗುವುದಿಲ್ಲ.

ನಂದಿನಗರದ ವಿದ್ಯಾರ್ಥಿ · ಭಾನುವಾರ, ಸಂಜೆ 7:02

ಮಾಸ್ತರ್ರೀ, ವಿಷ ಅಲ್ಲ, ನೀವು ಹೇಳಿದ್ದೂ ನಿಜ. ಮರಿಗೆ ತಾಯಿ ಹಾಲು ಅರಗಿಸುವ ಶಕ್ತಿ ಇರುತ್ತದೆ. ಬೆಳೆದ ಮೇಲೆ ಬಹಳ ಬೆಕ್ಕುಗಳಲ್ಲಿ ಅದು ಕಡಿಮೆ ಆಗುತ್ತದೆ. ಕೆಲವಕ್ಕೆ ಏನೂ ಆಗುವುದಿಲ್ಲ, ಕೆಲವಕ್ಕೆ ಹೊಟ್ಟೆ ಕೆಡುತ್ತದೆ. ಒಂದೆರಡು ಚಮಚ ಕುಡಿದು ಸರಿ ಇದ್ದರೆ ಇರಲಿ. ಭೇದಿ ಆದರೆ ನಿಲ್ಲಿಸಬೇಕು. ನಾನು ಹೇಳಿದ್ದು ಹಾಲೇ ಪೂರ್ತಿ ಊಟ ಆಗಬಾರದು ಅಂತ.

ಅಂದ ಹಾಗೆ, ಎಳ್ಳಮಾವಾಸ್ಯೆಗೆ ಕಾಳು, ಕಾಯಿಪಲ್ಯ ಸೇರಿಸಿ ಮಾಡುವ ಭಜ್ಜಿಯನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಬಳ್ಳೊಳ್ಳಿ, ಉಳ್ಳಾಗಡ್ಡಿ ತಪ್ಪಲು ಇರುತ್ತದೆ. ಅವೆರಡೂ ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಹಬ್ಬದ ದಿನ ಪ್ರೀತಿಯಿಂದ ಎಲ್ಲರೂ ಒಂದೊಂದು ತುತ್ತು ಹಾಕುತ್ತಾರೆ, ಅದಕ್ಕೇ ಹೇಳಿದೆ.

ಜೇವರ್ಗಿ ರಸ್ತೆಯವಳು · ಭಾನುವಾರ, ರಾತ್ರಿ 9:30

ತಮ್ಮಾ, ಇದು ನನಗೆ ಗೊತ್ತೇ ಇರಲಿಲ್ಲ. ಆದರೆ ಆ ಪ್ಯಾಕೆಟ್‌ನಲ್ಲೂ ಮಾಂಸ, ಮೀನೇ ಇರುತ್ತದೆ ಅಲ್ವಾ? ಲಿಂಗಪೂಜೆ ಮಾಡುವ ಮನೆ. ಹೇಳದೆ ಕೊಟ್ಟರೆ ಮೋಸ ಆಗುತ್ತದೆ. ಹೇಳಿ ಕೊಟ್ಟರೆ ಅತ್ತಿ ಮನಸ್ಸು ನೋಯಬಹುದು.

ಎರಡು ಬೆಕ್ಕಿನ ಮನೆ · ಭಾನುವಾರ, ರಾತ್ರಿ 9:55

ಹೇಳಿಯೇ ಕೊಡಿ ಅಕ್ಕಾ. ನಮ್ಮದೂ ಅಂಥದೇ ಮನೆ. ನಮ್ಮ ಅತ್ತೆಯವರು ಮೊದಲು ಬೇಡವೇ ಬೇಡ ಅಂದರು. ಒಂದು ವಾರ ಬಿಟ್ಟು ಅವರೇ ದಾರಿ ಹುಡುಕಿದರು. ಬಿಗಿ ಮುಚ್ಚಳದ ಡಬ್ಬಿ, ಬೇರೆ ಚಮಚ, ಬೇರೆ ತಟ್ಟೆ. ಎಲ್ಲವೂ ಹಿತ್ತಲ ಕಟ್ಟೆ ಮೇಲೆ. ಅಡುಗೆಮನೆಗೆ ಬರುವುದಿಲ್ಲ. "ದನಕ್ಕೆ ಹುಲ್ಲು, ಅದಕ್ಕೆ ಅದರ ಊಟ" ಅಂದರು. ನಾನು ಎಷ್ಟು ವಾದ ಮಾಡಿದ್ದರೂ ಅಷ್ಟು ಚೆಂದ ಹೇಳಲು ಆಗುತ್ತಿರಲಿಲ್ಲ.

ಒಮ್ಮೆಲೇ ಬದಲಾಯಿಸಬೇಡಿ. ಒಂದು ವಾರ, ಹತ್ತು ದಿನ ಹಳೆಯ ಊಟದ ಜೊತೆ ಸ್ವಲ್ಪ ಸ್ವಲ್ಪ ಸೇರಿಸುತ್ತ ಹೋಗಬೇಕು. ಪಕ್ಕದಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರು ಇರಲಿ. ಒಣ ಆಹಾರ ತಿನ್ನುವ ಬೆಕ್ಕು ನೀರು ಜಾಸ್ತಿ ಕುಡಿಯಬೇಕು. ಸಣ್ಣ ಬಾಯಿಯ ಬಟ್ಟಲಿನಲ್ಲಿ ಮೀಸೆ ತಾಗುತ್ತದೆ, ಕೆಲವು ಬೆಕ್ಕುಗಳಿಗೆ ಅದು ಆಗಿಬರುವುದಿಲ್ಲ.

ಆಳಂದ ಕಡೆಯ ಕೌದಿಯಾಕೆ · ಸೋಮವಾರ, ಬೆಳಿಗ್ಗೆ 7:30

ತಂಗೀ, ನಾನು ಕೌದಿ ಹೊಲಿಯುತ್ತೇನೆ. ನಿನ್ನ ಅತ್ತಿ ಟ್ರಂಕಿನಲ್ಲಿ ಸೀರೆ ಇಡುತ್ತಾರೆ ಅಂತ ಓದಿ ಈ ಮಾತು ಹೊಳೆಯಿತು.

ಮುದಿ ಬೆಕ್ಕಿಗೆ ಒಂದು ಸಣ್ಣ ಕೌದಿ ಹೊಲಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ ಸಾಕು. ಬೀದರ್ ಎತ್ತರದ ಊರು. ಡಿಸೆಂಬರ್ ತಿಂಗಳ ರಾತ್ರಿ ನಮ್ಮ ಕಲಬುರಗಿಗಿಂತ ಥಂಡಿ ಜಾಸ್ತಿ. ಮುದಿ ಬೆಕ್ಕು ಫರಸಿ ಮೇಲೆ ಮಲಗಿದರೆ ಕೀಲು ಹಿಡಿಯುತ್ತದೆ.

ಹೊಸ ಬಟ್ಟೆ ಬೇಡ. ಬೆಕ್ಕು ಮೂಗಿನಿಂದಲೇ ತನ್ನವರನ್ನು ಗುರುತು ಹಿಡಿಯುತ್ತದೆ. ಅತ್ತಿ ದಿನಾ ಉಡುವ ಹತ್ತಿ ಸೀರೆ ಒಂದು ಕೇಳಿ ತರಿಸು. ಅದು ಮೇಲಿನ ಪದರ. ಒಳಗೆ ನಿಮ್ಮ ಮನೆಯ ಹಳೆಯ ಧೋತರ, ಮಕ್ಕಳ ಹತ್ತಿ ಅಂಗಿ ನಾಲ್ಕೈದು ಪದರ ಹಾಕು. ಒಳಗಿನವನ್ನು ಒಗೆದು ಹಾಕು. ಮೇಲಿನದು ಅವರು ಉಟ್ಟು ಬಿಟ್ಟದ್ದು ಹಾಗೇ ಇರಲಿ.

ಅಂಚಿನಿಂದ ಹೊಲಿಯುತ್ತ ಒಳಗೆ ಬಾ. ಹೊಲಿಗೆ ಸಣ್ಣದಿರಲಿ, ಸಾಲು ಒತ್ತಾಗಿರಲಿ. ಉಗುರು ಸಿಕ್ಕರೂ ದಾರ ಎದ್ದು ಬರಬಾರದು. ಕನ್ನಡಿ ಚೂರು, ಗುಂಡಿ, ಜರಿ, ಲೇಸು ಒಂದೂ ಬೇಡ. ತಾಂಡಾದ ಕಸೂತಿ ನೋಡಲು ಬಹಳ ಚಂದ, ಆದರೆ ಅದು ನಿನ್ನ ಗೋಡೆಗೆ ಇರಲಿ, ಬೆಕ್ಕಿನ ಹಾಸಿಗೆಗೆ ಬೇಡ.

ಸೂಜಿ ಎಣಿಸಿ ತೆಗೆದುಕೋ, ಎಣಿಸಿ ಇಡು. ನಮ್ಮ ಓಣಿಯಲ್ಲಿ ಒಂದು ಬೆಕ್ಕು ದಾರ ಪೋಣಿಸಿದ ಸೂಜಿ ನುಂಗಿತ್ತು. ಅದರ ನಾಲಿಗೆ ಮುಟ್ಟಿ ನೋಡಿದ್ದೀಯಾ? ಮುಳ್ಳೆಲ್ಲ ಒಳಮುಖ. ದಾರ ಒಮ್ಮೆ ನಾಲಿಗೆಗೆ ಹತ್ತಿತು ಅಂದರೆ ಒಳಗೇ ಹೋಗುತ್ತದೆ, ಉಗುಳಲು ಬರುವುದಿಲ್ಲ.

ಜೇವರ್ಗಿ ರಸ್ತೆಯವಳು · ಸೋಮವಾರ, ಬೆಳಿಗ್ಗೆ 8:10

ಅಕ್ಕಾ, ಓದುತ್ತ ಕಣ್ಣಲ್ಲಿ ನೀರು ಬಂತು. ನಮ್ಮ ಆಯಿಯ ಒಂದು ಇಳಕಲ್ ಸೀರೆ ನನ್ನ ಹತ್ತಿರ ಇದೆ, ಹರಿದಿದೆ. ಆಯಿ ಅಂದರೆ ಅತ್ತಿಯ ಅವ್ವ. ಅದನ್ನು ಒಳಗಿನ ಪದರಕ್ಕೆ ಹಾಕಲೇ? ಎಸೆಯಲು ಮನಸ್ಸು ಬಂದಿರಲಿಲ್ಲ, ಉಡಲೂ ಆಗುತ್ತಿರಲಿಲ್ಲ.

ಆಳಂದ ಕಡೆಯ ಕೌದಿಯಾಕೆ · ಸೋಮವಾರ, ಬೆಳಿಗ್ಗೆ 8:25

ಹಾಕು. ಸೆರಗು ಮಾತ್ರ ಬಿಚ್ಚಿ ಅತ್ತಿಗೆ ಕೊಡು. ಒಡಲಿನ ಬಟ್ಟೆ ಕೌದಿಗೆ.

ತೊಗರಿ ಹೊಲದವ · ಸೋಮವಾರ, ಮಧ್ಯಾಹ್ನ 12:50

ನಾನು ಯಾದಗಿರಿ ಕಡೆಯವನು. ಮನೆಯಲ್ಲಿ ಒಂದು, ಹೊಲದ ಗುಡಿಸಲಲ್ಲಿ ಎರಡು ಬೆಕ್ಕು ಇವೆ. ಪೇಟೆಯಲ್ಲಿ ಉಗುರು ಕೆರೆಯುವ ಕಂಬ ಅಂತ ಸಾವಿರಾರು ರೂಪಾಯಿಗೆ ಮಾರುತ್ತಾರೆ. ನಮ್ಮ ಬೆಕ್ಕು ಜಾಲಿ ಕೊರಡಿಗೆ ಕೆರೆಯುತ್ತವೆ. ಕೊರಡು ರೈಲಿನಲ್ಲಿ ಬರುವುದಿಲ್ಲ. ಆದರೆ ಪುಂಡಿ ನಾರಿನ ಹಗ್ಗ ಬರುತ್ತದಲ್ಲ! ಒಂದು ಸುತ್ತು ಒಯ್ಯಿರಿ. ಅತ್ತಿ ಮನೆಯಲ್ಲಿ ಹಳೇ ಹೊರಸು ಇದ್ದರೆ ಅದರ ಕಾಲಿಗೆ, ಇಲ್ಲ ಪಡಸಾಲೆ ಕಂಬಕ್ಕೆ ನೆಲದಿಂದ ಮೂರು ಅಡಿ ಎತ್ತರ ಒತ್ತಾಗಿ ಬಿಗಿಯಿರಿ. ಬೆಕ್ಕು ಎರಡು ಕಾಲಲ್ಲಿ ನಿಂತು ಮೈ ಚಾಚಿ ಕೆರೆಯಬೇಕು, ಅದಕ್ಕೆ ಆ ಎತ್ತರ. ಕಂಬ ಒಮ್ಮೆ ಅಲುಗಾಡಿತು ಅಂದರೆ ಮತ್ತೆ ಹತ್ತಿರ ಬರುವುದಿಲ್ಲ. ಮುದಿ ಬೆಕ್ಕಿಗೆ ಅಡ್ಡ ಮಲಗಿಸಿದ ಹಲಗೆಗೆ ಸುತ್ತಿ ಕೊಡಿ.

ಇನ್ನೊಂದು ಮಾತು. ಎರಡು ವರ್ಷದ ಹಿಂದೆ ನನ್ನ ಹೊಲದ ಬೆಕ್ಕು ಸತ್ತಿತು. ಬಾಜೂ ಹೊಲದಲ್ಲಿ ಇಲಿಗೆ ಜಿಂಕ್ ಫಾಸ್ಫೈಡ್ ಇಟ್ಟಿದ್ದರು, ಆ ಕರಿ ಪುಡಿ. ಪಾಷಾಣ ತಿಂದ ಇಲಿಯನ್ನು ನನ್ನ ಬೆಕ್ಕು ತಿಂದಿತ್ತು. ಬೆಳಗಾಗುವಷ್ಟರಲ್ಲಿ ಮುಗಿದಿತ್ತು. ಅವರ ಮೇಲೆ ಸಿಟ್ಟು ಇಲ್ಲ, ಅವರಿಗೂ ತೊಗರಿ ಉಳಿಯಬೇಕು. ಆ ವರ್ಷದ ಎಳ್ಳಮಾವಾಸ್ಯೆಗೆ ಊಟಕ್ಕೆ ಕರೆದು ಅವರಿಗೆ ಎರಡು ಇಲಿ ಬೋನು ಕೊಟ್ಟೆ. ಮುಂದೆ ಮರಿ ಬಂದಾಗ ಒಂದನ್ನು ಅವರೇ ಕೇಳಿ ಒಯ್ದರು. ಬೆಕ್ಕಿಗೆ ಉಡುಗೊರೆ ಕೊಡುವವರು ಬಾಜೂ ಮನೆಯವರನ್ನೂ ಒಮ್ಮೆ ಮಾತಾಡಿಸಿ.

ಬ್ರಹ್ಮಪುರದ ತಾಯಿ · ಸೋಮವಾರ, ಸಂಜೆ 5:20

ನನ್ನದೂ ಇಲ್ಲೇ ಕೇಳುತ್ತೇನೆ. ನನ್ನ ತಮ್ಮನ ಮಕ್ಕಳಿಗೆ ಹೊಸ ವರ್ಷಕ್ಕೆ ಪರ್ಷಿಯನ್ ಮರಿ ಕೊಡಬೇಕು ಅಂತ ಆಸೆ. ತಮ್ಮನಿಗೆ ಹೇಳಿಲ್ಲ, ಸರ್ಪ್ರೈಸ್. ಬಿಳಿ ಬಣ್ಣದ್ದು, ಎಷ್ಟು ಮುದ್ದು ಅಂದರೆ! ಎಲ್ಲಿ ನೋಡಲಿ?

ಎರಡು ಬೆಕ್ಕಿನ ಮನೆ · ಸೋಮವಾರ, ಸಂಜೆ 5:45

ಅಕ್ಕಾ, ದಯವಿಟ್ಟು ಬೇಡ. ಬೈಯುತ್ತಿಲ್ಲ, ನಾನು ಅನುಭವಿಸಿದ್ದು ಹೇಳುತ್ತಿದ್ದೇನೆ. ಗೆಳತಿಯ ಹುಟ್ಟುಹಬ್ಬಕ್ಕೆ ಹೀಗೇ ಹೇಳದೆ ಒಂದು ಮರಿ ಕೊಟ್ಟೆ. ಮನೆ ಮಾಲೀಕರು ಒಪ್ಪಲಿಲ್ಲ. ಅವಳ ಗಂಡನಿಗೆ ಸೀನು ಶುರುವಾಯಿತು. ನಾಲ್ಕು ತಿಂಗಳ ಮೇಲೆ ಮರಿ ನನ್ನ ಮನೆಗೇ ವಾಪಸ್ ಬಂತು. ಬಂದ ಮೇಲೆ ಹದಿನೈದು ದಿನ ಅಕ್ಕಿ ಡ್ರಮ್ಮಿನ ಹಿಂದಿನಿಂದ ಹೊರಗೆ ಬರಲಿಲ್ಲ. ನನ್ನ ಎರಡನೇ ಬೆಕ್ಕು ಅಂದರೆ ಅದೇ.

ಒಳ್ಳೆ ಆರೈಕೆ ಸಿಕ್ಕರೆ ಬೆಕ್ಕು 12ರಿಂದ 15 ವರ್ಷ ಬದುಕುತ್ತದೆ. ಅಷ್ಟು ವರ್ಷದ ಮಾತನ್ನು ಅವರ ಪರವಾಗಿ ನಾವು ಕೊಡಬಾರದು.

ನಂದಿನಗರದ ವಿದ್ಯಾರ್ಥಿ · ಸೋಮವಾರ, ಸಂಜೆ 6:30

ಅದರಲ್ಲೂ ಕಲಬುರಗಿಗೆ ಪರ್ಷಿಯನ್. ಚಪ್ಪಟೆ ಮೂಗು, ಮೈತುಂಬ ದಟ್ಟ ಕೂದಲು. ಮೇ ತಿಂಗಳಲ್ಲಿ 42, 43 ಡಿಗ್ರಿ ಇದ್ದಾಗ ಅದಕ್ಕೆ ಉಸಿರಾಡುವುದೇ ಕಷ್ಟ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ತೇಕುತ್ತಿದ್ದರೆ ಅದು ಅಪಾಯದ ಗುರುತು. ದಿನಾ ಕೂದಲು ಬಾಚಬೇಕು, ಕಣ್ಣು ಒರೆಸಬೇಕು. ಮಕ್ಕಳು ಒಂದು ವಾರ ಮಾಡುತ್ತಾರೆ, ಆಮೇಲೆ ಯಾರು?

ಯಾವ ಜಾತಿಯದೇ ಆಗಲಿ, ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಕಚ್ಚುವ ಆಟದಲ್ಲಿ ಎಷ್ಟು ಕಚ್ಚಬೇಕು ಅಂತ ಅದು ಕಲಿಯುವುದೇ ತಾಯಿ, ಒಡಹುಟ್ಟಿದವುಗಳ ಜೊತೆ.

ಬ್ರಹ್ಮಪುರದ ತಾಯಿ · ಸೋಮವಾರ, ರಾತ್ರಿ 8:40

ತಮ್ಮನಿಗೆ ಫೋನ್ ಮಾಡಿ ಕೇಳಿದೆ. ವೈನಿಗೆ ಬೆಕ್ಕು ಅಂದರೆ ಭಯವಂತೆ, ಸಣ್ಣವಳಿದ್ದಾಗ ಕಚ್ಚಿತ್ತಂತೆ. ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಮಕ್ಕಳಿಗೆ ಮಣ್ಣಿನ ಬೋಗುಣಿ ಒಯ್ಯುತ್ತೇನೆ. ಅವರ ಗೇಟಿನ ಹೊರಗೆ ಒಂದು ಬೀದಿ ಬೆಕ್ಕು ಬರುತ್ತದಂತೆ, ಅದಕ್ಕೆ ದಿನಾ ನೀರು ಇಡಲಿ. ನಿಮಗೆಲ್ಲ ಬಹಳ ಉಪಕಾರ.

ಶಹಾಪುರದ ಮಾಸ್ತರ · ಮಂಗಳವಾರ, ಬೆಳಿಗ್ಗೆ 6:50

ಪೇಟೆಯಲ್ಲಿ ಕ್ಯಾಟ್‌ನಿಪ್ ಅಂತ ಒಣ ಸೊಪ್ಪಿನ ಪುಡಿ ಸಿಗುತ್ತದಂತೆ, ಬೆಕ್ಕು ಅದಕ್ಕೆ ಹೊರಳಾಡುತ್ತದಂತೆ. ಮೊಮ್ಮಗಳು ತೋರಿಸಿದಳು. ಅಷ್ಟು ಸಣ್ಣ ಡಬ್ಬಿಗೆ ಅಷ್ಟು ದುಡ್ಡೇ?

ನಮ್ಮಲ್ಲಿ ಕುಪ್ಪಿ ಗಿಡ ಇಲ್ಲವೇ? ಗಟಾರದ ಪಕ್ಕ, ಹಿತ್ತಲ ಗೋಡೆ ಬುಡದಲ್ಲಿ ಸುಮ್ನೆ ಬೆಳೆಯುತ್ತದೆ. ಮೊಣಕಾಲುದ್ದ. ಹೂವಿನ ತೆನೆಗೆ ಸಣ್ಣ ಸಣ್ಣ ಬಟ್ಟಲಿನಂಥ ಎಲೆ ಸುತ್ತಿರುತ್ತವೆ. ಗಿಡ ನಿಂತಿರುವಾಗ ಬೆಕ್ಕು ತಿರುಗಿಯೂ ನೋಡುವುದಿಲ್ಲ. ಕಿತ್ತು ಬೇರು ಹೊರಗೆ ಬಂತು ಅನ್ನಿ, ಎಲ್ಲಿದ್ದರೂ ಓಡಿ ಬರುತ್ತದೆ. ಮೂಗು ಉಜ್ಜುತ್ತದೆ, ಕೆನ್ನೆ ಉಜ್ಜುತ್ತದೆ, ಹೊರಳುತ್ತದೆ. ನಾನು ಚಿಕ್ಕವನಿದ್ದಾಗ ನಮ್ಮ ಮುತ್ಯಾ ಇದನ್ನು ತೋರಿಸಿ ನಮ್ಮನ್ನೆಲ್ಲ ನಗಿಸುತ್ತಿದ್ದರು. ಇದಕ್ಕೆ ಒಂದು ಪೈಸೆ ಬೇಡ.

ಎರಡು ಬೆಕ್ಕಿನ ಮನೆ · ಮಂಗಳವಾರ, ಬೆಳಿಗ್ಗೆ 11:15

ಮಾಸ್ತರ್ರೀ! ಅಪ್ಪನ ಕೆರೆ ಕಡೆ ವಾಕಿಂಗ್ ಹೋದವಳು ಒಂದು ಗಿಡ ಕಿತ್ತು ತಂದೆ. ಬೇರಿನ ಮಣ್ಣು ತೊಳೆದು ನೆಲದ ಮೇಲೆ ಇಟ್ಟೆ. ನನ್ನ ದೊಡ್ಡ ಬೆಕ್ಕು ಎರಡೇ ನಿಮಿಷದಲ್ಲಿ ಬಂದು ಬೇರನ್ನು ತಬ್ಬಿಕೊಂಡು ಹೊರಳಾಡಿತು. ಎಂಟು ವರ್ಷದಿಂದ ಸಾಕಿದ್ದೇನೆ, ಅದರ ಮುಖದಲ್ಲಿ ಇಷ್ಟು ಸುಖ ನಾನು ಕಂಡಿರಲಿಲ್ಲ. ಇನ್ನೊಂದು, ವಾಪಸ್ ಬಂದಿತ್ತಲ್ಲ ಅದು, ಮೂಸಿ ನೋಡಿ ಹೋಗಿ ಕಿಟಕಿಯಲ್ಲಿ ಕೂತಿತು.

ನಂದಿನಗರದ ವಿದ್ಯಾರ್ಥಿ · ಮಂಗಳವಾರ, ಮಧ್ಯಾಹ್ನ 2:05

ಕುಪ್ಪಿ ಬೇರಿಗೆ ಬೆಕ್ಕು ಮರುಳಾಗುವುದು ನಿಜ, ಪುಸ್ತಕದಲ್ಲೂ ಇದೆ. ಕ್ಯಾಟ್‌ನಿಪ್‌ನಲ್ಲೂ ಹಾಗೇ, ಮೂರರಲ್ಲಿ ಸುಮಾರು ಎರಡು ಬೆಕ್ಕಿಗೆ ಮಾತ್ರ ಹಿಡಿಸುತ್ತದೆ. ಅದು ಹುಟ್ಟಿನಿಂದ ಬಂದ ಗುಣ. ಮರಿಗಳಿಗೆ ಹಿಡಿಸುವುದಿಲ್ಲ, ಪುಟಾಣಿಗೆ ಇನ್ನೂ ಸ್ವಲ್ಪ ದಿನ ಬೇಕಾಗಬಹುದು. ಹತ್ತು ನಿಮಿಷ ಆಡಲಿ, ಆಮೇಲೆ ಎತ್ತಿಡಿ. ಹೊಟ್ಟೆ ತುಂಬ ಅಗಿಯಲು ಬಿಡಬೇಡಿ. ಕಳೆನಾಶಕ ಹೊಡೆದ ಜಾಗದ ಗಿಡವಂತೂ ಬೇಡವೇ ಬೇಡ.

ಗಿಡದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅತ್ತಿಗೆ ಹೂಗುಚ್ಛ ಒಯ್ಯುವುದಾದರೆ ಲಿಲಿ ಇರದಂತೆ ನೋಡಿ. ಅದರ ಪರಾಗ ಮೈಗೆ ಹತ್ತಿ, ಬೆಕ್ಕು ಮೈ ನೆಕ್ಕಿಕೊಂಡರೂ ಮೂತ್ರಪಿಂಡ ಕೆಟ್ಟು ಕೆಲವೇ ದಿನದಲ್ಲಿ ಜೀವ ಹೋಗಬಹುದು.

ಚೌಬಾರಾ ಹತ್ತಿರದವ · ಮಂಗಳವಾರ, ಸಂಜೆ 4:30

ಬೆಕ್ಕಿಗೆ ಬಹಳ ಆಯಿತು, ಅತ್ತಿಯವರಿಗೆ? ನಮ್ಮ ಬೀದರಿಗೆ ಬಂದು ಬಿದ್ರಿ ಒಯ್ಯದೆ ಹೋಗಬೇಡಿ. ಹೂಬಳ್ಳಿಯ ಹೂಜಿಯೇ ಆಗಬೇಕಿಲ್ಲ. ಸಣ್ಣ ಕೀಚೈನ್, ಪದಕ ಸಿಗುತ್ತವೆ. ಚಿತ್ರ ಬರೆದು ಕೊಟ್ಟು ಮೊದಲೇ ಹೇಳಿದರೆ ಬೆಕ್ಕಿನ ಆಕಾರ ಕೊರೆದು ಬೆಳ್ಳಿ ತಂತಿ ಕೂರಿಸಿ ಕೊಡುವ ಕುಶಲಕರ್ಮಿಗಳು ಇದ್ದಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿದ ಲೋಹ. ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಿನಲ್ಲಿ ಮೈ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಜಿಐ, ಅಂದರೆ ಈ ಊರಿನದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿತು. ಕರಿಯನ ಚಿತ್ರ ಆದರೆ ಇನ್ನೂ ಒಪ್ಪುತ್ತದೆ, ಅಲ್ವಾ?

ಬಿದ್ರಿ ಬಟ್ಟಲಿನಲ್ಲಿ ಮಾತ್ರ ಬೆಕ್ಕಿಗೆ ಊಟ ಹಾಕಬೇಡಿ. ಸತುವಿನ ಪಾತ್ರೆ ಊಟಕ್ಕೆ ಆಗುವುದಿಲ್ಲ.

ಜೇವರ್ಗಿ ರಸ್ತೆಯವಳು · ಮಂಗಳವಾರ, ರಾತ್ರಿ 9:10

ಕೌದಿ ಶುರು ಮಾಡಿದ್ದೇನೆ. ಪುಂಡಿ ಹಗ್ಗ ನೆಹರೂ ಗಂಜ್ ಕಡೆ ಸಿಕ್ಕಿತು. ಇನ್ನೂ ಒಂದು ಸಾವಿರದ ಹತ್ತಿರ ಉಳಿದಿದೆ. ಕೀಚೈನೂ ಇಷ್ಟವಾಯಿತು. ಇನ್ನೇನಾದರೂ ಬೇಕೇ?

ಎರಡು ಬೆಕ್ಕಿನ ಮನೆ · ಮಂಗಳವಾರ, ರಾತ್ರಿ 9:40

ಅಕ್ಕಾ, ಒಂದು ಕೇಳಲೇ? ಅತ್ತಿಯವರು ಊರು ಬಿಟ್ಟು ಎಲ್ಲಾದರೂ ಹೋಗಿ ಎಷ್ಟು ದಿನವಾಯಿತು?

ಜೇವರ್ಗಿ ರಸ್ತೆಯವಳು · ಮಂಗಳವಾರ, ರಾತ್ರಿ 9:52

ಮೂರು ವರ್ಷ. ಆಗ ಒಂದು ಕಡೆ ದುಡ್ಡು ಕೊಟ್ಟು ಬೆಕ್ಕು ಬಿಟ್ಟು ಹೋಗಿದ್ದರು. ವಾಪಸ್ ಬಂದಾಗ ದೊಡ್ಡವ್ವ ಊಟ ಬಿಟ್ಟು ಬಡವಾಗಿತ್ತು. ಆಮೇಲೆ ಎಲ್ಲಿಗೂ ಹೋಗಿಲ್ಲ. ನನ್ನ ತಮ್ಮನ ಮದುವೆಗೂ ಬೆಳಿಗ್ಗೆ ಬಂದು ಅಕ್ಷತೆ ಹಾಕಿ ಸಂಜೆಗೇ ಹೊರಟರು. ಆಗ ನಮಗೆಲ್ಲ ಬೇಸರವಾಗಿತ್ತು. ಶ್ರೀಶೈಲಕ್ಕೆ ಹೋಗಬೇಕು ಅಂತ ಪ್ರತಿ ವರ್ಷ ಅನ್ನುತ್ತಾರೆ.

ಎರಡು ಬೆಕ್ಕಿನ ಮನೆ · ಮಂಗಳವಾರ, ರಾತ್ರಿ 10:00

ನೀವು ಐದಾರು ದಿನ ಅಲ್ಲೇ ಇರುತ್ತೀರಲ್ಲ.

ಜೇವರ್ಗಿ ರಸ್ತೆಯವಳು · ಮಂಗಳವಾರ, ರಾತ್ರಿ 10:03

ಅಯ್ಯೋ. ಹೌದಲ್ಲ!

ನಂದಿನಗರದ ವಿದ್ಯಾರ್ಥಿ · ಬುಧವಾರ, ಬೆಳಿಗ್ಗೆ 7:15

ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ ಅಕ್ಕಾ. ಆದರೆ ಅತ್ತಿ ಹೊರಡುವ ಮೊದಲು ಎರಡು ದಿನ ನೀವು ಅವರ ಜೊತೆಗೇ ಬೆಕ್ಕುಗಳಿಗೆ ಊಟ ಹಾಕಿ. ನಿಮ್ಮ ಕೈ ವಾಸನೆ ಪರಿಚಯ ಆಗಲಿ. ಯಾವುದು ಎಷ್ಟು ಹೊತ್ತಿಗೆ ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಎಲ್ಲಿ ಅಡಗುತ್ತದೆ, ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಒಣ ಆಹಾರವನ್ನು ಅತ್ತಿ ವಾಪಸ್ ಬಂದ ಮೇಲೆ ಶುರು ಮಾಡಿ. ಎರಡು ಬದಲಾವಣೆ ಒಟ್ಟಿಗೆ ಬೇಡ.

ಅಡಗಿದರೆ ಎಳೆಯಬೇಡಿ, ಬಟ್ಟಲನ್ನೇ ಅಲ್ಲಿಗೆ ಸರಿಸಿ. ಆದರೆ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಕಾಯಬೇಡಿ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ಜೀವಕ್ಕೆ ಕುತ್ತಾಗಬಹುದು. ಕರಿಯನೋ ಬೆಲ್ಲನೋ ಮತ್ತೆ ಮತ್ತೆ ಮೂತ್ರಕ್ಕೆ ಕೂತು ಹನಿಯೂ ಬರದಿದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ತನ್ನಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ನೆಲಕ್ಕೆ ಫಿನೈಲ್ ಬೇಡ, ಪಾದಕ್ಕೆ ಹತ್ತಿದ್ದನ್ನು ನೆಕ್ಕುತ್ತವೆ. ಸೋಪಿನ ನೀರು ಸಾಕು.

ಉಳಿದ ದುಡ್ಡಿನ ಬಗ್ಗೆ ನನ್ನ ಮಾತು: ಪುಟಾಣಿಗೆ ಐದು ತಿಂಗಳು. ಈ ವಯಸ್ಸಿಗೇ ಗರ್ಭ ನಿಲ್ಲಬಹುದು, ಎರಡು ತಿಂಗಳಿಗೆ ಮರಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಗೆ ಅದನ್ನು ಎತ್ತಿಡಿ. ನಮ್ಮ ಕಾಲೇಜಿನ ಆಸ್ಪತ್ರೆಗೆ ಕರೆತಂದು ತೋರಿಸಿ.

ತೊಗರಿ ಹೊಲದವ · ಬುಧವಾರ, ಬೆಳಿಗ್ಗೆ 8:00

ಅತ್ತಿ ಒಪ್ಪಿದರೇ? ಅದನ್ನು ಮಾತ್ರ ಹೇಳಿ.

ಜೇವರ್ಗಿ ರಸ್ತೆಯವಳು · ಎಂಟು ದಿನದ ನಂತರ, ರಾತ್ರಿ 10:20

ಬೀದರಿನಿಂದ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ.

ಅತ್ತಿ ಮೊದಲು ಒಪ್ಪಲಿಲ್ಲ. "ನೀವು ಹಬ್ಬಕ್ಕೆ ಬಂದವರು, ನಾನು ಮನೆ ಬಿಟ್ಟು ಹೋಗಲೇ?" ಅಂದರು. ಎಳ್ಳಮಾವಾಸ್ಯೆ ದಿನ ಅವರ ಗೆಳತಿಯ ಹೊಲಕ್ಕೆ ಹೋದೆವು. ಹೊಲಕ್ಕೆ ಎಡೆಯ ಚರಗ ಚೆಲ್ಲಿ, ಜೋಳದ ಬೆಳೆ ನಡುವೆ ಕೂತು ಸಜ್ಜಿ ರೊಟ್ಟಿ, ಭಜ್ಜಿ ಉಂಡೆವು. ಅಲ್ಲಿ ಆ ಗೆಳತಿಯೇ, "ನಾನೂ ಬರುತ್ತೇನೆ, ಶ್ರೀಶೈಲಕ್ಕೆ ಹೋಗೋಣ ನಡಿ" ಅಂದರು. ಅತ್ತಿ ಏನೂ ಅನ್ನಲಿಲ್ಲ. ಮನೆಗೆ ಬಂದು ಒಂದು ನೋಟ್‌ಬುಕ್ ತೆಗೆದು ಬರೆಯಲು ಕೂತರು. ನಾಲ್ಕು ಬೆಕ್ಕಿಗೆ ನಾಲ್ಕು ಪುಟ, ಟೀಚರ್ ಅಕ್ಷರ. ದೊಡ್ಡವ್ವನ ಪುಟದಲ್ಲಿ, "ರಾತ್ರಿ ಎರಡು ಗಂಟೆಗೆ ಒಮ್ಮೆ ಕೂಗುತ್ತದೆ. ಏನೂ ಬೇಡ. ಇಲ್ಲೇ ಇದ್ದೇನೆ ಅಂತ ಹೇಳಿದರೆ ಸಾಕು" ಅಂತ ಬರೆದಿದ್ದಾರೆ.

ಪ್ಯಾಕೆಟ್ ಆಹಾರದ ವಿಷಯ ಎಲ್ಲ ಬಿಡಿಸಿ ಹೇಳಿದೆ. ಕಣ್ಣು ಹೋಗಬಹುದು ಅಂದಿದ್ದಕ್ಕೆ ಬಹಳ ಹೊತ್ತು ಸುಮ್ಮನಿದ್ದರು. ಡಬ್ಬಿ ಈಗ ಹಿತ್ತಲ ಕಟ್ಟೆ ಮೇಲಿದೆ, ಅವರು ಬಂದ ಮೇಲೆ ಶುರು ಮಾಡುತ್ತಾರೆ. ಪುಟಾಣಿಯನ್ನು ನಂದಿನಗರಕ್ಕೆ ಒಯ್ದು ತೋರಿಸಿದೆವು, ಲಸಿಕೆ ಆಯಿತು, ಶಸ್ತ್ರಚಿಕಿತ್ಸೆಗೆ ಮುಂದಿನ ತಿಂಗಳು ಬರಲು ಹೇಳಿದ್ದಾರೆ. ಪಡಸಾಲೆ ಕಂಬಕ್ಕೆ ಹಗ್ಗ ಸುತ್ತಿದ್ದು ನನ್ನ ಮಗ. ಬೆಲ್ಲ ಅದನ್ನು ಬಿಟ್ಟು ಇಳಿಯುತ್ತಿಲ್ಲ. ಕುಪ್ಪಿ ಬೇರಿಗೆ ಕರಿಯ ಹೊರಳಾಡಿದ. ಕೀಚೈನ್ ಇನ್ನೂ ಆಗಿಲ್ಲ, ಚಿತ್ರ ಕೊಟ್ಟು ಬಂದಿದ್ದೇನೆ.

ಕೌದಿಯನ್ನು ಅತ್ತಿ ಬಿಚ್ಚಿ ನೋಡಿದರು. ಒಳಗೆ ಆಯಿಯ ಸೀರೆ ಇದೆ ಅಂತ ಹೇಳಿ ಸೆರಗು ಕೈಗಿಟ್ಟೆ. ಅದನ್ನು ಟ್ರಂಕಿನಲ್ಲಿ ಇಡಲಿಲ್ಲ. ಹೆಗಲ ಮೇಲೆ ಹಾಕಿಕೊಂಡೇ ನಿನ್ನೆ ಬಸ್ ಹತ್ತಿದರು.

ನಿನ್ನೆ ರಾತ್ರಿ ದೊಡ್ಡವ್ವ ಕಪಾಟಿನ ಕೆಳಗೆ ಸೇರಿಕೊಂಡಿತು. ಊಟ ಮುಟ್ಟಲಿಲ್ಲ. ನನಗೆ ನಿದ್ದೆ ಬರಲಿಲ್ಲ. ಎರಡು ಗಂಟೆಗೆ ಕೂಗಿತು. ನಾನು ನೆಲಕ್ಕೆ ಮಲಗಿ, "ಇಲ್ಲೇ ಇದ್ದೇನೆ" ಅಂದೆ. ಕೌದಿಯನ್ನು ಕಪಾಟಿನ ಹತ್ತಿರಕ್ಕೆ ಸರಿಸಿದೆ. ಬೆಳಿಗ್ಗೆ ನೋಡಿದರೆ ಅದರ ಮೇಲೆ ಸುರುಳಿ ಸುತ್ತಿ ಮಲಗಿತ್ತು. ಒಂಬತ್ತು ಗಂಟೆಗೆ ಅರ್ಧ ಬಟ್ಟಲು ತಿಂದಿತು.

ಈಗ ಅತ್ತಿ ಫೋನ್ ಮಾಡಿದ್ದರು. ದರ್ಶನ ಆಯಿತಂತೆ. "ದೊಡ್ಡವ್ವ ಉಂಡಿತಾ?" ಅಂದರು. ಉಂಡಿತು ಅಂದೆ. "ಹಾಗಾದರೆ ನಾಳೆ ಒಂದು ದಿನ ಇಲ್ಲೇ ಇದ್ದು ಬರಲೇನೇ?" ಅಂತ ಕೇಳಿದರು.